ದೂರದ ಬೆಟ್ಟ ನುಣ್ಣಗೇ ಇರಲಿ: ಮೊಬೈಲ್ ಫೋಟೊಗೆ ಆಳ ಬರೋದು ಹೇಗೆ?

ಇವತ್ತು ನಾವು ಮಾತಾಡ್ತಿರೋದು ನಮ್ಮೆಲ್ಲರ ಗ್ಯಾಲರಿಯಲ್ಲಿ ನೂರಾರು ಸಂಖ್ಯೆಯಲ್ಲಿ ಬಿದ್ದಿರುವ, ಆದರೆ ಎರಡನೇ ಸಲ ತೆರೆದು ನೋಡದ ಫೋಟೊಗಳ ಬಗ್ಗೆ. ಬೆಟ್ಟ, ಕಣಿವೆ, ಹೊಲ, ಕೆರೆ, ಆಕಾಶ. ಪ್ರವಾಸ ಹೋದಾಗಲೆಲ್ಲ ತೆಗೀತೀವಲ್ಲ, ಆ ಫೋಟೊಗಳು.

ನಿಮಗೂ ಹೀಗಾಗಿರುತ್ತೆ. ಬೆಳಗಿನ ಜಾವ ಎದ್ದು, ಚಳಿಯಲ್ಲಿ ನಡುಗುತ್ತಾ ಮುಳ್ಳಯ್ಯನಗಿರಿ ಹತ್ತಿರ್ತೀರಿ. ಸುಮಾರು 1,930 ಮೀಟರ್ ಎತ್ತರ, ನಮ್ಮ ರಾಜ್ಯದ ಅತಿ ಎತ್ತರದ ಶಿಖರ. ಮೇಲೆ ನಿಂತರೆ ಒಂದರ ಹಿಂದೊಂದು ಬೆಟ್ಟದ ಸಾಲು. ಮೊದಲ ಸಾಲು ಗಾಢ ಹಸಿರು, ಅದರ ಹಿಂದಿನದು ನೀಲಿ, ಅದರಾಚೆಯದು ಬೂದಿ, ಕೊನೆಯದಂತೂ ಇದೆಯೋ ಇಲ್ಲವೋ ಅನ್ನೋ ಹಾಗೆ. ಬಾಯಿ ತೆರೆದು ನೋಡ್ತೀರಿ. ಮೊಬೈಲ್ ತೆಗೆದು ಒಂದು ಫೋಟೊ ಹೊಡೀತೀರಿ. ಸ್ಕ್ರೀನ್ ನೋಡಿದ್ರೆ ಬೆಟ್ಟಗಳೆಲ್ಲ ಇವೆ, ಆಕಾಶವೂ ಇದೆ, ಹುಲ್ಲೂ ಕಾಣ್ತಿದೆ. ಆದ್ರೆ ಆ ದೂರ ಇಲ್ಲ. ಎಲ್ಲಾ ಸೇರಿ ಒಂದೇ ಗೋಡೆಗೆ ಅಂಟಿಸಿದ ವಾಲ್‌ಪೇಪರ್ ಥರ ಕಾಣುತ್ತೆ.

"ನೇರವಾಗಿ ನೋಡಿದಷ್ಟು ಚೆನ್ನಾಗಿ ಫೋಟೊದಲ್ಲಿ ಬರಲ್ಲ ಬಿಡು" ಅಂತ ಸುಮ್ಮನಾಗ್ತೀವಿ. ಇವತ್ತಿನ ಮಾತು ಇರೋದೇ ಇಲ್ಲಿ. ಬರುತ್ತೆ. ಅದಕ್ಕೆ ಲಕ್ಷ ರೂಪಾಯಿ ಕ್ಯಾಮೆರಾ ಬೇಕಿಲ್ಲ. ಆಳ ಎಲ್ಲಿಂದ ಬರುತ್ತೆ ಅಂತ ಗೊತ್ತಿರಬೇಕು, ಆಮೇಲೆ ಮೊಬೈಲ್ ಅದನ್ನು ಅಳಿಸಿಹಾಕದ ಹಾಗೆ ನೋಡ್ಕೋಬೇಕು, ಅಷ್ಟೇ.

ಗಾದೆಯಲ್ಲೇ ಇದೆ ಉತ್ತರ

"ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ" ಅನ್ನೋ ಗಾದೆ ಎಲ್ಲರಿಗೂ ಗೊತ್ತು. ಮನುಷ್ಯರ ಬಗ್ಗೆ ಹೇಳೋಕೆ ಬಳಸ್ತೀವಿ. ಆದರೆ ಅದನ್ನು ಹಾಗೇ ಅಕ್ಷರಶಃ ತಗೊಂಡ್ರೆ ಅದು ಫೋಟೊಗ್ರಫಿಯ ಪಾಠ.

ಯಾಕೆ ನುಣ್ಣಗೆ ಕಾಣುತ್ತೆ? ನಮ್ಮ ಮತ್ತು ಆ ಬೆಟ್ಟದ ನಡುವೆ ಗಾಳಿ ಇದೆ. ಗಾಳಿಯಲ್ಲಿ ತೇವಾಂಶ, ಧೂಳು, ಹೊಗೆ ಎಲ್ಲಾ ಇದೆ. ಸೂರ್ಯನ ಬೆಳಕು ಇವಕ್ಕೆಲ್ಲ ಬಡಿದು ಚದುರಿ ನಮ್ಮ ಕಣ್ಣಿಗೆ ಬರುತ್ತೆ. ಅಂದ್ರೆ ಬೆಟ್ಟದ ಮುಂದೆ ತೆಳುವಾದ ಬೆಳಕಿನ ಪರದೆ ಕಟ್ಟಿದ ಹಾಗೆ. ಬೆಟ್ಟ ದೂರ ಹೋದಷ್ಟೂ ಪರದೆ ದಪ್ಪ. ಹಾಗಾಗಿ ದೂರದ ಮರದ ಕಪ್ಪು ನೆರಳು ಕಪ್ಪಾಗಿ ಉಳಿಯಲ್ಲ, ಬೂದಿಯಾಗುತ್ತೆ. ಕಪ್ಪಿಗೂ ಬಿಳುಪಿಗೂ ಇರುವ ಅಂತರ ಕಡಿಮೆ ಆಗುತ್ತೆ. ಗಾಳಿಯ ಅಣುಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸೋದರಿಂದ ಅದಕ್ಕೊಂದು ನೀಲಿ ಛಾಯೆಯೂ ಸೇರುತ್ತೆ. ಚಿತ್ರಕಾರರಿಗೆ ಇದು ಬಹಳ ಹಿಂದೇ ಗೊತ್ತಿತ್ತು. ಲಿಯೊನಾರ್ಡೊ ಡಾ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಇದರ ಬಗ್ಗೆ ಬರೆದಿದ್ದಾನೆ. ಮೋನಾಲಿಸಾ ಚಿತ್ರದಲ್ಲಿ ಆಕೆಯ ಹಿಂದಿರುವ ಬೆಟ್ಟಗಳನ್ನು ಒಮ್ಮೆ ನೋಡಿ, ಗೊತ್ತಾಗುತ್ತೆ.

ಇನ್ನೊಂದು ಸ್ವಾರಸ್ಯ ಇದೆ. ನಮಗೆ ಎರಡು ಕಣ್ಣಿರೋದ್ರಿಂದ ಆಳ ಗೊತ್ತಾಗುತ್ತೆ ಅಂತ ಶಾಲೆಯಲ್ಲಿ ಓದಿದ್ದೀವಿ. ನಿಜ, ಆದರೆ ಅದು ಹತ್ತಿರದ ವಸ್ತುಗಳಿಗೆ. ಕಿಲೋಮೀಟರ್‌ಗಟ್ಟಲೆ ದೂರದ ಬೆಟ್ಟದ ವಿಷಯದಲ್ಲಿ ಎರಡೂ ಕಣ್ಣಿಗೆ ಕಾಣೋ ಚಿತ್ರ ಹೆಚ್ಚುಕಡಿಮೆ ಒಂದೇ. ಹಾಗಾಗಿ ಅಲ್ಲಿ ನಿಂತಾಗಲೂ ನಮ್ಮ ಮಿದುಳು ದೂರವನ್ನು ಲೆಕ್ಕ ಹಾಕೋದರಲ್ಲಿ ಈ ಟೋನ್‌ಗಳ ಪಾತ್ರ ದೊಡ್ಡದು. ಹತ್ತಿರದ್ದು ಗಾಢ, ದೂರದ್ದು ತಿಳಿ. ಈ ಒಂದು ವ್ಯತ್ಯಾಸ ಫೋಟೊದಲ್ಲಿ ಉಳಿದ್ರೆ ದೂರವೂ ಉಳಿಯುತ್ತೆ. ಅದು ಹೋದ್ರೆ ದೂರವೂ ಹೋಯ್ತು.

ಹಾಗಾದ್ರೆ ಮೊಬೈಲ್ ಮಾಡೋದೇನು?

ಈಗಿನ ಮೊಬೈಲ್ ಕ್ಯಾಮೆರಾ ಒಂದೇ ಫೋಟೊ ತೆಗೆಯಲ್ಲ. ನೀವು ಬಟನ್ ಒತ್ತಿದ ಆ ಕ್ಷಣಕ್ಕೆ ಹಲವು ಫ್ರೇಮ್‌ಗಳನ್ನು ತೆಗೆದು, ಒಂದಾಗಿ ಹೊಲಿಯುತ್ತೆ. ಇದಕ್ಕೆ ಎಚ್‌ಡಿಆರ್ ಅಂತೀವಿ. ಗೂಗಲ್ ಫೋನ್‌ಗಳಲ್ಲಿ ಇದು ಎಚ್‌ಡಿಆರ್ ಪ್ಲಸ್, 2018ರ ಐಫೋನ್ ಎಕ್ಸ್‌ಎಸ್‌ನಲ್ಲಿ ಬಂದಿದ್ದು ಸ್ಮಾರ್ಟ್ ಎಚ್‌ಡಿಆರ್. ಹೆಸರು ಬೇರೆ ಬೇರೆ, ಕೆಲಸ ಬಹುತೇಕ ಒಂದೇ: ಕತ್ತಲಾಗಿರೋದನ್ನು ಬೆಳಗಿಸು, ಅತಿ ಬೆಳಕಾಗಿರೋದನ್ನು ತಗ್ಗಿಸು.

ಇದು ಕೆಟ್ಟದ್ದಲ್ಲ. ಕಿಟಕಿಗೆ ಬೆನ್ನು ಹಾಕಿ ನಿಂತ ಅಜ್ಜಿಯ ಮುಖ ಕಾಣೋದು ಇದರಿಂದಲೇ. ಮೊಬೈಲ್‌ನ ಸೆನ್ಸರ್ ಚಿಕ್ಕದು, ಅದಕ್ಕೆ ಒಂದೇ ಏಟಿಗೆ ಅಷ್ಟು ಬೆಳಕಿನ ವ್ಯತ್ಯಾಸ ಹಿಡಿಯೋಕಾಗಲ್ಲ, ಆದ್ದರಿಂದ ಈ ಉಪಾಯ. ಆದರೆ ಬೆಟ್ಟದ ಫೋಟೊದಲ್ಲಿ ಇದೇ ಉಪಾಯ ತಿರುಗುಬಾಣ. ಹತ್ತಿರದ ಬಂಡೆಯ ನೆರಳನ್ನು ಬೆಳಗಿಸಿತು, ದೂರದ ಮಂಜಿನ ಬೆಟ್ಟವನ್ನು ತಗ್ಗಿಸಿತು, ಎರಡೂ ಮಧ್ಯದ ಒಂದೇ ಬೂದಿಗೆ ಬಂದು ಕೂತವು. ಆಮೇಲೆ ದೂರದ ಅಂಚುಗಳನ್ನೂ ಶಾರ್ಪ್ ಮಾಡುತ್ತೆ. ಗಾಳಿ ಕಷ್ಟಪಟ್ಟು ನುಣ್ಣಗೆ ಮಾಡಿಟ್ಟ ಬೆಟ್ಟವನ್ನು ಮೊಬೈಲ್ ಉಜ್ಜಿ ಉಜ್ಜಿ ಒರಟು ಮಾಡುತ್ತೆ.

ನೋಡಿ, ಮೊಬೈಲ್‌ಗೆ ಗೊತ್ತಿರೋದು "ಎಲ್ಲವೂ ಕಾಣಬೇಕು" ಅನ್ನೋ ಒಂದೇ ನಿಯಮ. ಆದರೆ ಒಳ್ಳೆ ಫೋಟೊದಲ್ಲಿ ಎಲ್ಲವೂ ಒಂದೇ ಸಮ ಕಾಣಬೇಕಾಗಿಲ್ಲ. ಯಾವುದು ಕತ್ತಲಲ್ಲಿ ಉಳೀಬೇಕು ಅಂತ ತೀರ್ಮಾನ ಮಾಡೋದು ನೀವು.

ಒಂದೇ ಬಂಡೆ, ಎರಡು ಫೋಟೊ

ಈ ತೀರ್ಮಾನಕ್ಕೆ ಎಷ್ಟು ಬೆಲೆ ಇದೆ ಅನ್ನೋದಕ್ಕೆ ಒಂದು ಕಥೆ ಹೇಳ್ತೀನಿ. 1927ರ ಏಪ್ರಿಲ್ 10. ಅಮೆರಿಕದ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆ. 25 ವರ್ಷದ ಒಬ್ಬ ಹುಡುಗ ಭಾರದ ಕ್ಯಾಮೆರಾ, ಗಾಜಿನ ಪ್ಲೇಟ್‌ಗಳನ್ನು ಹೊತ್ತುಕೊಂಡು ಹಿಮದಲ್ಲಿ ಬೆಟ್ಟ ಹತ್ತಿದ್ದಾನೆ. ಹೆಸರು ಆನ್ಸೆಲ್ ಆಡಮ್ಸ್. ಎದುರಿಗೆ ಹಾಫ್ ಡೋಮ್ ಅನ್ನೋ ದೈತ್ಯ ಬಂಡೆ. ಉಳಿದಿರೋದು ಎರಡೇ ಪ್ಲೇಟ್. ನಮ್ಮ ಹಾಗೆ ಮುನ್ನೂರು ಹೊಡೆದು ಆಮೇಲೆ ಡಿಲೀಟ್ ಮಾಡೋ ಸೌಲಭ್ಯ ಇಲ್ಲ.

ಮೊದಲ ಪ್ಲೇಟನ್ನು ಹಳದಿ ಫಿಲ್ಟರ್ ಹಾಕಿ ತೆಗೆದ. ಆಗ ಅದೇ ವಾಡಿಕೆ. ಆದರೆ ಅವನಿಗೆ ಅನ್ನಿಸಿತು, ಇದರಲ್ಲಿ ಆಕಾಶ ಸಾಧಾರಣ ಬೂದಿಯಾಗಿ ಬರುತ್ತೆ, ಬಂಡೆ ನೋಡಿದಾಗ ಎದೆಯಲ್ಲಿ ಆಗ್ತಿರೋ ಆ ಭಾರ ಬರಲ್ಲ ಅಂತ. ಕೊನೆಯ ಪ್ಲೇಟ್‌ಗೆ ಗಾಢ ಕೆಂಪು ಫಿಲ್ಟರ್ ಹಾಕಿದ. ಕೆಂಪು ಫಿಲ್ಟರ್ ನೀಲಿ ಬೆಳಕನ್ನು ತಡೆಯುತ್ತೆ. ನೀಲಿ ಆಕಾಶ ಹೆಚ್ಚುಕಡಿಮೆ ಕಪ್ಪಾಯ್ತು. ಬಂಡೆಯ ನೆರಳಿಗೆ ಬೆಳಕು ಬರೋದೂ ನೀಲಿ ಆಕಾಶದಿಂದಲೇ ಆದ್ದರಿಂದ ನೆರಳೂ ಗಾಢವಾಯ್ತು. ಬಿಸಿಲು ಬಿದ್ದ ಬಂಡೆ ಮತ್ತು ಹಿಮ ಮಾತ್ರ ಬೆಳ್ಳಗೆ ಎದ್ದು ನಿಂತಿತು. "ಮಾನೊಲಿತ್, ದಿ ಫೇಸ್ ಆಫ್ ಹಾಫ್ ಡೋಮ್" ಅನ್ನೋ ಹೆಸರಲ್ಲಿ ಆ ಫೋಟೊ ಇವತ್ತಿಗೂ ಪ್ರಸಿದ್ಧ.

ಒಂದೇ ಬಂಡೆ, ಒಂದೇ ಜಾಗ, ಅದೇ ಹೊತ್ತು. ಬದಲಾಗಿದ್ದು ಯಾವುದು ಕಪ್ಪಾಗಬೇಕು ಅನ್ನೋ ನಿರ್ಧಾರ ಮಾತ್ರ. ಮುಂದೆ 1940ರ ಹೊತ್ತಿಗೆ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಸೇರಿ ಝೋನ್ ಸಿಸ್ಟಮ್ ಅನ್ನೋ ವಿಧಾನ ರೂಪಿಸಿದರು. ಅಚ್ಚ ಕಪ್ಪಿನಿಂದ ಅಚ್ಚ ಬಿಳುಪಿನವರೆಗೆ 11 ಮೆಟ್ಟಿಲು. ಎದುರಿಗಿರೋ ದೃಶ್ಯದ ಯಾವ ಭಾಗ ಯಾವ ಮೆಟ್ಟಿಲಲ್ಲಿ ಕೂರಬೇಕು ಅಂತ ಶಟರ್ ಒತ್ತುವ ಮೊದಲೇ ಯೋಚಿಸೋದು. ನಮಗೆ 11 ಬೇಡ, ಮೂರು ಸಾಕು: ಗಾಢ, ಮಧ್ಯಮ, ತಿಳಿ. ಮೊಬೈಲ್ ಎತ್ತಿದಾಗ ಮೂರೇ ಪ್ರಶ್ನೆ ಕೇಳ್ಕೊಳ್ಳಿ. ಇದರಲ್ಲಿ ಗಾಢ ಯಾವುದು? ತಿಳಿ ಯಾವುದು? ನಡುವೆ ಏನಿದೆ? ಉತ್ತರ ಸಿಗದಿದ್ರೆ, ಎರಡು ಹೆಜ್ಜೆ ಆಚೀಚೆ ಹೋಗಿ ಮತ್ತೆ ನೋಡಿ.

ಈಗ ಕೈಗೆ ಕೆಲಸ

ಮೊದಲನೇದು, ಬೆಳಕು ತಗ್ಗಿಸಿ. ಸ್ಕ್ರೀನ್ ಮೇಲೆ ದೂರದ ಬೆಟ್ಟದ ಹತ್ತಿರ ಒಂದ್ಸಲ ಮುಟ್ಟಿ. ಐಫೋನ್‌ನಲ್ಲಿ ಪುಟ್ಟ ಸೂರ್ಯನ ಗುರುತು ಬರುತ್ತೆ, ಬೆರಳಿಂದ ಕೆಳಗೆ ಎಳೀರಿ. ಆಂಡ್ರಾಯ್ಡ್ ಫೋನ್‌ಗಳಲ್ಲೂ ಹೀಗೇ ಒಂದು ಸ್ಲೈಡರ್ ಬರುತ್ತೆ. ಪಿಕ್ಸೆಲ್ ಫೋನ್ ಇದ್ರೆ ಹೊಳಪಿಗೆ ಒಂದು, ನೆರಳಿಗೇ ಇನ್ನೊಂದು ಸ್ಲೈಡರ್ ಇದೆ. ಪ್ರೊ ಮೋಡ್ ಇದ್ರೆ ಎಕ್ಸ್‌ಪೋಷರ್ ಅನ್ನು ಮೈನಸ್ 0.7 ಅಥವಾ ಮೈನಸ್ 1ಕ್ಕೆ ಇಟ್ಟು ನೋಡಿ. ಹತ್ತಿರದ ಮರ, ಬಂಡೆ ಗಾಢವಾಗುತ್ತೆ. ಆಕಾಶದಲ್ಲಿ ಬಣ್ಣ ವಾಪಸ್ ಬರುತ್ತೆ. ಬೆಟ್ಟದ ಸಾಲುಗಳು ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ. ಫ್ರೇಮ್ ತುಂಬಾ ದಟ್ಟ ಮಂಜೇ ಇದ್ರೆ ಮಾತ್ರ ಉಲ್ಟಾ ಮಾಡಿ. ಮೊಬೈಲ್ ಬಿಳಿ ಮಂಜನ್ನು ಬೂದಿ ಮಾಡೋಕೆ ನೋಡುತ್ತೆ, ಆಗ ಸ್ವಲ್ಪ ಮೇಲಕ್ಕೆ ಎಳೀಬೇಕು.

ಎರಡನೇದು, ಸೂರ್ಯ ಎಲ್ಲಿದ್ದಾನೆ ಅಂತ ನೋಡಿ. ಸೂರ್ಯ ನಿಮ್ಮ ಬೆನ್ನ ಹಿಂದಿದ್ರೆ ನೆರಳುಗಳೆಲ್ಲ ವಸ್ತುವಿನ ಹಿಂದೆ ಅಡಗಿಕೊಳ್ಳುತ್ತವೆ, ಫೋಟೊ ಚಪ್ಪಟೆ. ಪಕ್ಕದಿಂದ ಬೆಳಕು ಬಂದ್ರೆ ಪ್ರತಿ ಬಂಡೆಗೂ ಒಂದು ಬಿಸಿಲ ಕೆನ್ನೆ, ಒಂದು ನೆರಳ ಕೆನ್ನೆ. ಹಂಪಿಯ ಮಾತಂಗ ಬೆಟ್ಟದ ಮೇಲೆ ಬೆಳಗ್ಗೆ ಆರೂವರೆ, ಏಳಕ್ಕೆ ನಿಂತು ಅಕ್ಕಪಕ್ಕದ ಬಂಡೆರಾಶಿ ನೋಡಿ, ಮಧ್ಯಾಹ್ನ ಹನ್ನೆರಡಕ್ಕೆ ಅದೇ ರಾಶಿ ನೋಡಿ. ಮಧ್ಯಾಹ್ನ ಬರೀ ಕಲ್ಲುಗುಡ್ಡೆ. ಬೆಳಗ್ಗೆ ಪ್ರತಿ ಕಲ್ಲೂ ಉರುಳಿ ಬರುವ ಹಾಗೆ ಗುಂಡಗೆ ಕಾಣುತ್ತೆ. ಸೂರ್ಯ ಎದುರಿಗಿದ್ರೆ ಮಂಜು, ಧೂಳು ಎಲ್ಲಾ ಹೊಳೆಯುತ್ತೆ. ಬೆಟ್ಟದ ಸಾಲುಗಳಿಗೆ ಇದೇ ಒಳ್ಳೆಯದು. ಸೂರ್ಯನನ್ನೇ ಫ್ರೇಮ್ ಒಳಗೆ ತರಬೇಕಂತಿಲ್ಲ.

ಹಾಂ, ಇಲ್ಲೊಂದು ಮಾತು. ಯೂಟ್ಯೂಬ್‌ನಲ್ಲಿ ಗೋಲ್ಡನ್ ಅವರ್ ಅಂತ ಹೇಳ್ತಿರ್ತಾರಲ್ಲ, ಅದರಲ್ಲಿ ಅನೇಕ ವಿಡಿಯೊಗಳು ಯುರೋಪಿನ ಉತ್ತರದ ದೇಶಗಳಲ್ಲಿ ಮಾಡಿದ್ದು. ಅಲ್ಲಿ ಸೂರ್ಯ ಓರೆಯಾಗಿ, ನಿಧಾನಕ್ಕೆ ಏರ್ತಾನೆ. ನಾವು ಭೂಮಧ್ಯರೇಖೆಗೆ ಹತ್ತಿರ ಇದ್ದೀವಿ. ನಮ್ಮಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಮೇಲೇರ್ತಾನೆ. ಹಾಗಾಗಿ ಆ ಹೊನ್ನಿನ ಬೆಳಕು ನಮಗೆ ಸಿಗೋದು ಸುಮಾರು ಅರ್ಧ ಗಂಟೆ. ಸೂರ್ಯ ಹುಟ್ಟಿದ ಮೇಲೆ ತಿಂಡಿ ತಿಂದು ಹೊರಟರೆ ಆಗಲ್ಲ. ಜಾಗ ಮೊದಲೇ ಗೊತ್ತು ಮಾಡ್ಕೊಂಡು ಕಾಯಬೇಕು.

ಮೂರನೇದು, ಹತ್ತಿರದ್ದೊಂದು ಬೇಕು. ಬರೀ ದೂರದ ಬೆಟ್ಟ ತೆಗೆದ್ರೆ ಅದು ಎಷ್ಟು ದೂರ ಅಂತ ಹೇಳೋಕೆ ಅಳತೆಗೋಲು ಇರಲ್ಲ. ಒಂದು ಹುಲ್ಲಿನ ಗೊಂಚಲು, ಬಂಡೆ, ಬೇಲಿ, ನಿಂತಿರುವ ಗೆಳೆಯ, ಯಾವುದಾದ್ರೂ ಆಗಬಹುದು. ಅದು ಗಾಢವಾಗಿದ್ರೆ ಇನ್ನೂ ಒಳ್ಳೆಯದು, ಹಿಂದಿನ ತಿಳಿ ಬಣ್ಣ ತಾನಾಗೇ ಹಿಂದೆ ಸರಿಯುತ್ತೆ. ಮೊಣಕಾಲೂರಿ ಕೂತು ತೆಗೀರಿ, ಹತ್ತಿರದ ವಸ್ತು ದೊಡ್ಡದಾಗುತ್ತೆ.

ಲೆನ್ಸ್ ವಿಷಯ. ಬೆಟ್ಟ ಕಂಡ ಕೂಡಲೇ 0.5 ಎಕ್ಸ್‌ಗೆ ಹೋಗ್ತೀವಿ, ಎಲ್ಲಾ ತುಂಬಲಿ ಅಂತ. ಆಗ ಎಲ್ಲಾ ತುಂಬುತ್ತೆ, ಆದರೆ ದೂರದ ಬೆಟ್ಟ ಇರುವೆಗೂಡಿನಷ್ಟಾಗುತ್ತೆ. ಹತ್ತಿರದಲ್ಲಿ ಚೆಂದದ ವಸ್ತು ಇದ್ರೆ ಮಾತ್ರ 0.5 ಎಕ್ಸ್ ಬಳಸಿ. ಬೆಟ್ಟದ ಸಾಲುಗಳೇ ಬೇಕಂದ್ರೆ 2 ಎಕ್ಸ್ ಅಥವಾ 3 ಎಕ್ಸ್‌ಗೆ ಹೋಗಿ. ಸಾಲುಗಳು ಒಂದರ ಮೇಲೊಂದು ಹೊದಿಸಿದ ಹಾಗೆ ಬರುತ್ತವೆ, ಟೋನ್‌ಗಳ ವ್ಯತ್ಯಾಸ ಎದ್ದು ಕಾಣುತ್ತೆ. ಮತ್ತೆ ದಯವಿಟ್ಟು, ಇದಕ್ಕೆ ಕಡಿದಾದ ಅಂಚಿಗೆ ಹೋಗಿ ನಿಲ್ಲಬೇಕಾಗಿಲ್ಲ. ನಾಲ್ಕು ಹೆಜ್ಜೆ ಹಿಂದೆ ಬಂದ್ರೆ ಆ ಅಂಚೇ ನಿಮ್ಮ ಫೋಟೊದ ಗಾಢವಾದ ಮುಂಭಾಗ ಆಗುತ್ತೆ. ಜೀವವೂ ಉಳಿಯುತ್ತೆ, ಫೋಟೊವೂ ಚೆನ್ನಾಗಿರುತ್ತೆ.

ಬಣ್ಣ ಬೇರೆ, ಟೋನ್ ಬೇರೆ

ತುಂಬಾ ಜನಕ್ಕೆ ಗೊಂದಲ ಆಗೋದು ಇಲ್ಲಿ. ಹಸಿರೆಲೆಗಳ ನಡುವೆ ಕೆಂಪು ದಾಸವಾಳ ಎಷ್ಟು ಎದ್ದು ಕಾಣುತ್ತೆ ಅಲ್ವಾ? ಅದನ್ನೇ ಬ್ಲ್ಯಾಕ್ ಆ್ಯಂಡ್ ವೈಟ್ ಮಾಡಿ. ಎಷ್ಟೋ ಸಲ ಹೂವೂ ಬೂದಿ, ಎಲೆಯೂ ಅದೇ ಬೂದಿ. ಬಣ್ಣ ಬೇರೆ ಇತ್ತು, ಟೋನ್ ಒಂದೇ ಇತ್ತು. ಜುಲೈ ತಿಂಗಳ ಮಲೆನಾಡಿನ ಫೋಟೊಗಳ ಕಷ್ಟವೂ ಇದೇ. ಗದ್ದೆ ಹಸಿರು, ತೋಟ ಹಸಿರು, ಗುಡ್ಡ ಹಸಿರು, ಮೇಲೆ ಮೋಡ ಮುಚ್ಚಿದ ಸಪ್ಪೆ ಬೆಳಕು. ಕಣ್ಣಿಗೆ ತಂಪು, ಫೋಟೊಗೆ ಕಷ್ಟ. ಆಗ ಟೋನ್ ಹುಡುಕಬೇಕು. ಆಕಾಶವನ್ನು ಪ್ರತಿಫಲಿಸುವ ನೀರು ನಿಂತ ಗದ್ದೆ, ಮಳೆಯಲ್ಲಿ ನೆನೆದ ಕಪ್ಪು ಕಾಂಡ, ತೋಟದ ಮಧ್ಯೆ ನುಗ್ಗುವ ಮಂಜು. ಇವೆಲ್ಲ ತಿಳಿ ಮತ್ತು ಗಾಢವನ್ನು ತಂದುಕೊಡುತ್ತವೆ.

ಬೆಟ್ಟವೇ ಇಲ್ಲದ ಕಡೆ ಏನು ಮಾಡೋದು ಅಂತ ಉತ್ತರ ಕರ್ನಾಟಕದ ಕೇಳುಗರು ಕೇಳಬಹುದು. ನಿಮ್ಮಲ್ಲಿರೋದು ಇನ್ನೂ ಸುಲಭ ರೀ. ಎರೆ ಭೂಮಿಯಷ್ಟು ಗಾಢವಾದ ನೆಲ ಬೇರೆಲ್ಲಿದೆ? ಅದರ ಮೇಲೆ ಒಡೆದ ಬಿಳಿ ಹತ್ತಿ. ಸಂಜೆ ಓರೆ ಬಿಸಿಲಿಗೆ ಉತ್ತ ಸಾಲುಗಳಲ್ಲಿ ಒಂದು ಕಡೆ ಬೆಳಕು, ಒಂದು ಕಡೆ ನೆರಳು, ಸಾಲುಗಳೆಲ್ಲ ದಿಗಂತದ ಕಡೆ ಓಡ್ತಿರ್ತವೆ. ಬೆಟ್ಟ ಇಲ್ಲದೆಯೇ ಆಳ ಸಿಕ್ತು.

ಟೋನ್ ಗುರುತಿಸೋಕೆ ಒಂದು ಸುಲಭ ಉಪಾಯ: ಕಣ್ಣನ್ನು ಅರ್ಧ ಮುಚ್ಚಿ ನೋಡಿ. ವಿವರಗಳು ಮಾಯವಾಗಿ ಬರೀ ಗಾಢ, ತಿಳಿ ಮಾತ್ರ ಉಳಿಯುತ್ತೆ. ಇಲ್ಲಾಂದ್ರೆ ಕ್ಯಾಮೆರಾದಲ್ಲಿ ಮೋನೊ ಫಿಲ್ಟರ್ ಹಾಕಿ ಫ್ರೇಮ್ ಹೊಂದಿಸಿ, ಆಮೇಲೆ ಬಣ್ಣಕ್ಕೆ ವಾಪಸ್ ಬಂದು ತೆಗೀರಿ.

ಎಡಿಟ್ ಮಾಡುವಾಗ

ಎಡಿಟಿಂಗ್ ಆ್ಯಪ್ ತೆರೆದ ಕೂಡಲೇ ನಮ್ಮ ಬೆರಳು ಹೋಗೋದು ಡೀಹೇಜ್ ಕಡೆ. ಮಂಜು ತೆಗೆದು ಬೆಟ್ಟವನ್ನು ಸ್ಪಷ್ಟ ಮಾಡೋ ಬಟನ್ ಅದು. ಆದರೆ ಈಗಷ್ಟೇ ಹೇಳಿದ್ನಲ್ಲ, ದೂರ ಅಂತ ಗೊತ್ತಾಗೋದೇ ಆ ಮಂಜಿನ ಪರದೆಯಿಂದ. ಅದನ್ನು ಕಿತ್ತು ಹಾಕಿದ್ರೆ ದೂರದ ಬೆಟ್ಟ ಬಂದು ನಿಮ್ಮ ಮೂಗಿನ ಮುಂದೆ ನಿಲ್ಲುತ್ತೆ. ಹಾಗೇ ಶ್ಯಾಡೋಸ್ ಸ್ಲೈಡರ್ ಅನ್ನು ಮೇಲಕ್ಕೆ ಎಳೀಬೇಡಿ. ಬದಲಿಗೆ ಬ್ಲ್ಯಾಕ್ ಪಾಯಿಂಟ್ ಅಥವಾ ಬ್ಲ್ಯಾಕ್ಸ್ ಅನ್ನೋದನ್ನು ಸ್ವಲ್ಪ ಸರಿಸಿ, ಹತ್ತಿರದ ವಸ್ತುವಿನಲ್ಲಿ ಎಲ್ಲಾದರೂ ಒಂದು ಕಡೆ ನಿಜವಾದ ಕಪ್ಪು ಬರಲಿ. ಇಡೀ ಫೋಟೊಗೆ ಕಾಂಟ್ರಾಸ್ಟ್ ಏರಿಸೋ ಬದಲು, ಮುಂಭಾಗಕ್ಕೆ ಮಾತ್ರ ಏರಿಸಿ, ದೂರದ್ದನ್ನು ಹಾಗೇ ಬಿಡಿ. ಸ್ನ್ಯಾಪ್‌ಸೀಡ್, ಲೈಟ್‌ರೂಮ್ ಥರದ ಆ್ಯಪ್‌ಗಳಲ್ಲಿ ಬೇಕಾದ ಭಾಗಕ್ಕೆ ಮಾತ್ರ ಹಚ್ಚುವ ಸೌಲಭ್ಯ ಇದೆ. ಬ್ಲ್ಯಾಕ್ ಆ್ಯಂಡ್ ವೈಟ್ ಮಾಡೋರಿಗೆ ಸ್ನ್ಯಾಪ್‌ಸೀಡ್‌ನಲ್ಲಿ ಕೆಂಪು ಫಿಲ್ಟರ್ ಕೂಡ ಇದೆ. ಆಡಮ್ಸ್ ಹಿಮದಲ್ಲಿ ಹೊತ್ತುಕೊಂಡು ಹೋದ ಅದೇ ಗಾಜಿನ ಕೆಲಸ, ಈಗ ಬೆರಳ ತುದಿಯಲ್ಲಿ.

ಆಕಾಶವನ್ನೇ ಬದಲಾಯಿಸೋ ಆಪ್ಷನ್ ಕೂಡ ಈಗ ಬಂದಿದೆ. ಬೇಡ. ಬೇರೆ ದಿನದ ಆಕಾಶ ತಂದು ಅಂಟಿಸಿದ್ರೆ ನೆಲದ ಬೆಳಕಿಗೂ ಅದಕ್ಕೂ ತಾಳೆ ಆಗಲ್ಲ. ಅದು ನೀವು ನೋಡಿದ ಬೆಳಗೂ ಅಲ್ಲ.

ಇಷ್ಟೆಲ್ಲಾ ಯಾಕೆ?

ಒಂದು ಸ್ಟೇಟಸ್‌ಗೆ ಇಷ್ಟೆಲ್ಲಾ ಕಷ್ಟ ಬೇಕಾ ಅಂತ ಕೇಳಬಹುದು. ಆಡಮ್ಸ್ ವಿಷಯಕ್ಕೇ ಬರೋಣ. 1938ರಲ್ಲಿ ಅವನು ಸಿಯೆರಾ ನೆವಾಡಾ ಪರ್ವತಗಳ ಫೋಟೊಗಳ ಪುಸ್ತಕ ತಂದ. ಆ ಪುಸ್ತಕ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಕೈವರೆಗೂ ಹೋಯ್ತು. 1940ರಲ್ಲಿ ಅಲ್ಲಿನ ಕಿಂಗ್ಸ್ ಕ್ಯಾನ್ಯನ್ ಪ್ರದೇಶ ರಾಷ್ಟ್ರೀಯ ಉದ್ಯಾನ ಆಯ್ತು. ಪುಸ್ತಕ ಒಂದರಿಂದಲೇ ಆಗಿದ್ದಲ್ಲ, ಹಲವರ ವರ್ಷಗಳ ಪ್ರಯತ್ನ ಅದರ ಹಿಂದಿತ್ತು. ಆದರೆ ಆ ಕಣಿವೆಗೆ ಕಾಲಿಡದವರಿಗೂ ಅದರ ಆಳ, ಎತ್ತರ ಏನು ಅಂತ ಆ ಫೋಟೊಗಳು ತೋರಿಸಿದ್ದವು.

ನಮ್ಮ ಪಶ್ಚಿಮ ಘಟ್ಟದ ಕೆಲವು ಭಾಗಗಳು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಅದೇ ಘಟ್ಟದ ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದವು. ಒಂದು ಗುಡ್ಡ ಎಷ್ಟು ಆಳಕ್ಕೆ ಸೀಳಿದೆ, ಕೆಳಗಿರೋ ಮನೆಗೂ ಅದಕ್ಕೂ ಎಷ್ಟು ದೂರ ಅನ್ನೋದು ಚಪ್ಪಟೆ ಫೋಟೊದಲ್ಲಿ ಗೊತ್ತಾಗಲ್ಲ. ಓರೆ ಬೆಳಕಿದ್ದು, ಹತ್ತಿರ ಒಂದು ಮರವೋ ಮನೆಯೋ ಇದ್ದರೆ ನೋಡಿದ ಕೂಡಲೇ ಗೊತ್ತಾಗುತ್ತೆ. ನಿಮ್ಮೂರ ಕೆರೆ, ಗುಡ್ಡ, ಗೋಮಾಳ ಇವತ್ತು ಹೇಗಿದೆ ಅನ್ನೋದಕ್ಕೆ ಮುಂದೊಂದು ದಿನ ನಿಮ್ಮ ಮೊಬೈಲ್‌ನ ಫೋಟೊ ಬಿಟ್ಟು ಬೇರೆ ದಾಖಲೆ ಇರದೇ ಹೋಗಬಹುದು. ಅದಕ್ಕೇ ಹೇಳೋದು, ಎಡಿಟ್ ಮಾಡಿದ್ದರ ಜತೆ ಮೂಲ ಫೋಟೊವನ್ನೂ ಉಳಿಸ್ಕೊಳ್ಳಿ.

ಕೊನೆಗೆ ಈ ವಾರಕ್ಕೊಂದು ಹೋಮ್‌ವರ್ಕ್. ಟ್ರೆಕ್ಕಿಂಗ್ ಹೋಗ್ಬೇಕಂತಿಲ್ಲ, ಮನೆಯ ತಾರಸಿ ಸಾಕು. ಸೂರ್ಯ ಹುಟ್ಟಿದ ಅರ್ಧ ಗಂಟೆಯೊಳಗೆ ಒಂದೇ ಜಾಗದಲ್ಲಿ ನಿಂತು ಎರಡು ಫೋಟೊ ತೆಗೀರಿ. ಒಂದು, ಮೊಬೈಲ್ ತನ್ನಷ್ಟಕ್ಕೆ ತೆಗೆದದ್ದು. ಇನ್ನೊಂದು, ಹತ್ತಿರದ ನೀರಿನ ಟ್ಯಾಂಕೋ ತೆಂಗಿನ ಮರವೋ ಗಾಢವಾಗುವ ಹಾಗೆ ನೀವೇ ಬೆಳಕು ತಗ್ಗಿಸಿ ತೆಗೆದದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು ಮನೆಯವರಿಗೆ ತೋರಿಸಿ, ಏನನ್ನೂ ವಿವರಿಸದೆ ಒಂದೇ ಪ್ರಶ್ನೆ ಕೇಳಿ: ಯಾವುದರಲ್ಲಿ ದೂರ ಹೆಚ್ಚಿದೆ?